ಕಲಾಳ ಪಾಲಿನ ದೊನ್ನೆ

ಶ್ರೀ ಆಂಜನೇಯಸ್ವಾಮಿ ಪ್ರಸನ್ನ

ಬ್ಯಾಡರಹಳ್ಳಿ
11 ನವೆಂಬರ್ 2024

ಕಲಾ,

ಅಕ್ಕನ ಆಶೀರ್ವಾದ. ಕ್ಷೇಮಸಮಾಚಾರ ಬರೆದು ಆಮೇಲೆ ವಿಷಯಕ್ಕೆ ಬರುವುದು ವಾಡಿಕೆ. ಈ ಸಲ ವಿಷಯವನ್ನೇ ಮೊದಲು ಬರೆಯುತ್ತೇನೆ. ಫೋನಿನಲ್ಲಿ ಹೇಳಲು ಹೋದರೆ ನಾನೂ ಅಳುತ್ತೇನೆ, ನೀನೂ ಅಳುತ್ತೀಯ. ನಿನ್ನ ಭಾವ ಫೋನ್ ಕಿತ್ತುಕೊಂಡು "ಆಮೇಲ್ ಮಾತಾಡ್ಸ್ತೀನಮ್ಮ" ಎಂದು ಇಟ್ಟುಬಿಡುತ್ತಾರೆ. ಕಾಗದವಾದರೆ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ನಿಧಾನವಾಗಿ ಓದಬಹುದು. ಒಂದು ಕೈಯಂತೂ ಖಾಲಿ ಇರುತ್ತದಲ್ಲ, ತಿರುಗಿ ಬರೆಯಲೂಬಹುದು.

ದೊಡ್ಡಾಸ್ಪತ್ರೆಯವರು ನನ್ನ ರಿಪೋರ್ಟು ಕೊಟ್ಟರು. ರಕ್ತದ ಗುಂಪು ನಿನಗೆ ಹೊಂದುತ್ತದೆ. ಇನ್ನೂ ಏನೇನೋ ಹೊಂದಬೇಕಂತೆ, ಅವೂ ಹೊಂದಿವೆ. ನನ್ನ ಎರಡು ಕಿಡ್ನಿಗಳೂ ಗಟ್ಟಿಯಾಗಿವೆ. ಕೇಳಿ ಅಲ್ಲೇ ಕುರ್ಚಿಯಲ್ಲಿ ಕೂತು ಕೈ ಮುಗಿದೆ. ಆಮೇಲೆ ಡಾಕ್ಟರು ಇನ್ನೊಂದು ಹಾಳೆ ತಿರುಗಿಸಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ ಆರು ಪಾಯಿಂಟ್ ಎರಡು ಇದೆಯಂತೆ.

"ಇದು ಶುಗರ್ ಅಲ್ಲಮ್ಮ. ಶುಗರ್‌ಗೆ ಮುಂಚಿನ ಹಂತ, ಪ್ರೀಡಯಾಬಿಟಿಸ್ ಅಂತೀವಿ. ಹಿಂಗಿರೋವಾಗ ನಿಮ್ ಕಿಡ್ನಿ ತೆಗೆಯಕ್ಕಾಗಲ್ಲ" ಎಂದರು.

"ಶುಗರ್ ಅಲ್ಲ ಅಂತ ನೀವೇ ಅಂತೀರಲ್ಲ ಸಾರ್, ತೆಗೀರಿ" ಎಂದೆ. ಅವರು ನಗಲಿಲ್ಲ. ಅವ್ವನ ಕಥೆ ಕೇಳಿದರು. ಶುಗರಿಗೆ ಅವಳ ಪಾದ ಹೋದದ್ದು, ಆಮೇಲೆ ಕಿಡ್ನಿ ಹೋದದ್ದು, ಎಲ್ಲ ಹೇಳಿದೆ. ಹೇಳಬಾರದಿತ್ತೋ ಏನೋ. ಬರೆದುಕೊಂಡರು.

ಊಟ ಬದಲಾಯಿಸಿ, ನಡೆದು, ತೂಕ ಇಳಿಸಿ, ಮೂರು ತಿಂಗಳು ಬಿಟ್ಟು ಬನ್ನಿ, ಆಗ ನೋಡೋಣ ಎಂದಿದ್ದಾರೆ. ನಿನಗೆ ಕೊಡುವವರು ಇನ್ನು ಯಾರಿದ್ದಾರೆ? ನಿನ್ನ ಗಂಡನ ಗುಂಪು ಹೊಂದಲಿಲ್ಲ. ಅವ್ವ ಇಲ್ಲ. ನಾನೊಬ್ಬಳೇ. ಕಾಫಿಗೆ ಸಕ್ಕರೆ ಹಾಕುವುದನ್ನು ಅವತ್ತೇ ಬಿಟ್ಟೆ.

ನಿನ್ನ ಅಕ್ಕ,
ಅಂಜನಮ್ಮ

—

ತಿಪಟೂರು
26 ನವೆಂಬರ್ 2024

ಅಕ್ಕಾ,

ಕಾಗದ ಬಂತು. ನರ್ಸು "ಏನ್ ಕಲಕ್ಕ, ಈ ಕಾಲ್ದಲ್ಲಿ ಲೆಟರು" ಎಂದು ನಕ್ಕಳು. ಸೂಜಿ ಚುಚ್ಚಿಸಿಕೊಂಡು ಎಡಗೈ ಅಲ್ಲಾಡಿಸದೆ ಬಲಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಬೈಯಬೇಡ.

ನಾನು ಮೊದಲಿಂದ ಹೇಳುತ್ತಿರುವುದನ್ನೇ ಇನ್ನೊಮ್ಮೆ ಹೇಳುತ್ತೇನೆ. ನನಗೆ ನಿನ್ನ ಕಿಡ್ನಿ ಬೇಡ. ಮಷೀನು ಅಭ್ಯಾಸವಾಗಿದೆ. ವಾರಕ್ಕೆ ಮೂರು ಸಲ ಬರುತ್ತೇನೆ, ಮಲಗುತ್ತೇನೆ, ಹೋಗುತ್ತೇನೆ. ತೆಂಗಿನ ಸೀಮೆಯಲ್ಲಿದ್ದುಕೊಂಡು ಎಳನೀರು ಮುಟ್ಟುವಂತಿಲ್ಲ ಎನ್ನುವುದೊಂದೇ ಸಂಕಟ. ಪೊಟ್ಯಾಸಿಯಂ ಅಂತೆ.

ನೀನು ನಿನಗೋಸ್ಕರ ಸಕ್ಕರೆ ಬಿಡು. ನನಗೋಸ್ಕರ ಬೇಡ.

ಕಲಾ

—

ಶ್ರೀ ಆಂಜನೇಯಸ್ವಾಮಿ ಪ್ರಸನ್ನ

ಬ್ಯಾಡರಹಳ್ಳಿ
20 ಡಿಸೆಂಬರ್ 2024

ಕಲಾ,

ನೀನು ಬೇಡ ಎಂದರೆ ನಾನು ಬಿಡುವವಳೇ? ಎತ್ತಿ ಆಡಿಸಿದ ಕೂಸು ನೀನು. ನಿನ್ನ ಮಾತು ನಾನು ಯಾವತ್ತು ಕೇಳಿದ್ದೇನೆ.

ಆಸ್ಪತ್ರೆಯಲ್ಲಿ ಊಟದ ವಿಷಯ ಹೇಳುವ ಹುಡುಗಿಯನ್ನು ನೋಡಿ ಬಂದೆ. ನೀಲಾಂಬಿಕಾ ಅಂತ, ಗದಗದ ಕಡೆಯವಳು. ಲಗ್ಗೆರೆಯಲ್ಲಿ ರೂಮು ಮಾಡಿಕೊಂಡಿದ್ದಾಳೆ. ಅವಳ ಮಾತು ಮೊದಲು ಬೈದ ಹಾಗೆ ಕೇಳಿಸಿತು. ಆಮೇಲೆ ಗೊತ್ತಾಯಿತು, ಅವಳು ಮಾತಾಡುವುದೇ ಹಾಗೆ. ಅನ್ನ ಒಂದು ಸೌಟು ಸಾಕು, ಮೊದಲು ಪಲ್ಯ, ಕೋಸಂಬರಿ ತಿನ್ನಿ, ಮುದ್ದೆ ರಾಗಿಯದೇ ಆದರೂ ದೊಡ್ಡದು ಕಟ್ಟಬೇಡಿ ಎಂದಳು. ರಾಗಿ ಎಷ್ಟು ತಿಂದರೂ ಒಳ್ಳೆಯದು ಎಂದುಕೊಂಡಿದ್ದೆ. ಈಗ ನಿಂಬೆಹಣ್ಣಿಗಿಂತ ಒಂಚೂರು ದಪ್ಪ ಕಟ್ಟುತ್ತೇನೆ. ಭಾವ ತಟ್ಟೆ ನೋಡಿ "ಯಾವ್ ಮಗೀಗೆ ಇದು" ಎಂದರು.

ಧನುರ್ಮಾಸ ಶುರುವಾಗಿದೆ. ನಮ್ಮ ಗುಡಿಯಲ್ಲಿ ಬೆಳಗಿನ ಜಾವದ ಪೂಜೆ. ಹರಕೆ ಹೊತ್ತಿದ್ದೇನೆ, ತಿಂಗಳು ಪೂರ್ತಿ ದಿನಾ ಪ್ರದಕ್ಷಿಣೆ. ಡಾಕ್ಟರು ನಡೆಯಲು ಹೇಳಿದ್ದಾರೆ, ದೇವರ ಸುತ್ತಲೇ ನಡೆದರೆ ಎರಡೂ ಆಯಿತಲ್ಲ. ಅರ್ಚಕರು ನಿನ್ನ ಹೆಸರು, ನಕ್ಷತ್ರ ಹೇಳಿ ಸಂಕಲ್ಪ ಮಾಡಿ ಎರಡು ದೊನ್ನೆ ಪ್ರಸಾದ ಕೊಡುತ್ತಾರೆ. ನನ್ನದೊಂದು, ನಿನ್ನ ಪಾಲಿನದೊಂದು. ಸಂಕಲ್ಪದ ಪ್ರಸಾದವನ್ನು ಬೇರೆಯವರಿಗೆ ಕೊಟ್ಟರೆ ಫಲ ಅವರಿಗೆ ಹೋಗುತ್ತದೆ. ಚೆಲ್ಲುವ ಹಾಗಂತೂ ಇಲ್ಲ. ದೂರ ಇರುವವರ ಪಾಲನ್ನು ಒಡಹುಟ್ಟಿದವರು ತಿನ್ನಬೇಕು ಎಂದು ಅವ್ವ ಹೇಳುತ್ತಿದ್ದಳು. ಕಟ್ಟೆಯ ಮೇಲೆ ಕೂತು ನಿನ್ನನ್ನು ನೆನೆದುಕೊಂಡು ತಿನ್ನುತ್ತೇನೆ. ಮನೆಗೆ ಬಂದ ಮೇಲೆ ಮಧ್ಯಾಹ್ನದವರೆಗೂ ಏನೂ ಇಲ್ಲ. ತಿಂಡಿಯನ್ನೇ ಬಿಟ್ಟುಬಿಟ್ಟಿದ್ದೇನೆ.

ಸೀರೆ ಉಡುವಾಗ ನೆರಿಗೆ ಒಂದು ಜಾಸ್ತಿ ಬರುತ್ತಿದೆ. ತೂಕ ಇಳಿಯುತ್ತಿದೆ ಕಣೇ.

ನಿನ್ನ ಅಕ್ಕ,
ಅಂಜನಮ್ಮ

—

ಶ್ರೀ ಆಂಜನೇಯಸ್ವಾಮಿ ಪ್ರಸನ್ನ

ಬ್ಯಾಡರಹಳ್ಳಿ
17 ಜನವರಿ 2025

ಕಲಾ,

ಹರಕೆ ಮುಗಿಯಿತು. ಒಂದು ದಿನವೂ ತಪ್ಪಲಿಲ್ಲ. ಮುನಿತಾಯಮ್ಮ ಗೊತ್ತಲ್ಲ, ನಮ್ಮ ಹಿಂದಿನ ಬೀದಿಯವಳು. ಅವಳಿಗೂ ಮಂಡಿ ನೋವು, ಆದರೂ ದಿನಾ ನನ್ನ ಜೊತೆ ಬಂದಳು. ನನಗಿಂತ ನಿಧಾನವಾಗಿ ಸುತ್ತಿ, ನನಗಿಂತ ಜೋರಾಗಿ ಉಸಿರು ಬಿಟ್ಟು, "ನಿನ್ ತಂಗಿಗೋಸ್ಕರ ನನ್ ಕಾಲೂ ಹೋಯ್ತಲ್ಲೇ" ಎನ್ನುತ್ತಾಳೆ. ನಿನ್ನನ್ನು ನೋಡಿಯೇ ಇಲ್ಲ ಅವಳು.

ಸಂಕ್ರಾಂತಿಗೆ ಎಳ್ಳು ಬೀರಲು ಹೋಗಲಿಲ್ಲ. ಬಂದ ಎಳ್ಳನ್ನೆಲ್ಲ ಡಬ್ಬಿಗೆ ಸುರಿದು ಭಾವನ ಫ್ಯಾಕ್ಟರಿಗೆ ಕಳಿಸಿದೆ. ಸಕ್ಕರೆ ಅಚ್ಚನ್ನು ಮೂಸಿ ಕೂಡ ನೋಡಲಿಲ್ಲ. ಮುಂದಿನ ತಿಂಗಳು ರಕ್ತ ಕೊಡಬೇಕು. ನನಗೆ ಧೈರ್ಯ ಬಂದಿದೆ. ಇಷ್ಟು ಮಾಡಿದ ಮೇಲೆ ಸ್ವಾಮಿ ಕೈ ಬಿಡುತ್ತಾನೆಯೇ?

ನೀನೇನೂ ಬರೆದಿಲ್ಲ. ಜ್ವರ ಬಂದಿತ್ತು ಎಂದು ನಿನ್ನ ಗಂಡ ಹೇಳಿದ. ಬೆಚ್ಚಗಿರು.

ನಿನ್ನ ಅಕ್ಕ,
ಅಂಜನಮ್ಮ

—

ಶ್ರೀ ಆಂಜನೇಯಸ್ವಾಮಿ ಪ್ರಸನ್ನ

ಬ್ಯಾಡರಹಳ್ಳಿ
13 ಫೆಬ್ರವರಿ 2025

ಕಲಾ,

ಏರಿದೆ. ಆರು ಪಾಯಿಂಟ್ ನಾಲ್ಕು.

ಲ್ಯಾಬಿನವರು ಯಾರದೋ ರಕ್ತ ಅದಲುಬದಲು ಮಾಡಿದ್ದಾರೆ ಎಂದು ಜಗಳಕ್ಕೆ ನಿಂತೆ. ಡಾಕ್ಟರು ಬೈಯಲಿಲ್ಲ, ನೀಲಾಂಬಿಕಾಳ ಹತ್ತಿರ ಕಳಿಸಿದರು. ಅವಳು ಎದುರಿಗೆ ಕೂರಿಸಿಕೊಂಡು "ಅಮ್ಮಾರ, ಮುಂಜಾನೆದ್ದು ರಾತ್ರಿ ಮಲಗೂತನಾ ಬಾಯಾಗ ಏನೇನ್ ಹೋಗ್ತದ, ಎಲ್ಲಾ ಹೇಳ್ರಿ" ಎಂದಳು. ಹೇಳಿದೆ. ಒಂದು ಸೌಟು ಅನ್ನ, ಸಣ್ಣ ಮುದ್ದೆ, ಸಕ್ಕರೆಯಿಲ್ಲದ ಕಾಫಿ.

"ತಿಂಡೀನೂ ಬಿಟ್ಟೀನಿ ಅಂತೀರಿ. ಮತ್ತ ಇದು ಹೆಂಗ ಏರ್ತು? ಮುಂಜಾನೆ ಎದ್ದು ಏನ್ ಮಾಡ್ತೀರಿ?"

"ಗುಡಿಗೆ ಹೋಗ್ತೀನಿ ಕಣಮ್ಮ. ಧನುರ್ಮಾಸದಲ್ಲಿ ದಿನಾ ಹೋಗಿದೀನಿ. ಈಗ ಶನಿವಾರ, ಮಂಗಳವಾರ."

"ಅಲ್ಲೇನರ ಕೊಡ್ತಾರೇನು?"

"ಪ್ರಸಾದ."

"ಪ್ರಸಾದ ಅಂದ್ರ?"

"ಸಿಹಿ ಪೊಂಗಲ್. ಒಂದೊಂದ್ ದಿನ ಬಾಳೆಹಣ್ಣಿನ ರಸಾಯನಾನೂ ಇರುತ್ತೆ. ಒಂದು ದೊನ್ನೆ ನಂದು, ಒಂದು ನನ್ ತಂಗೀದು."

"ತಂಗೀದು ಯಾರ್ ತಿಂತಾರ?"

ಅವಳು ಪೆನ್ನು ಕೆಳಗಿಟ್ಟಳು. ನನಗೆ ಮಗಳಾಗುವ ವಯಸ್ಸಿನವಳು. ಮೆಲ್ಲಗೆ ಕೇಳಿದಳು: "ಪ್ರಸಾದ ಹೊಟ್ಟಿಗೆ ಹೋಗಂಗಿಲ್ಲೇನ್ರೀ?"

ನಿನ್ನ ಮೇಲೆ ಆಣೆ ಕಲಾ, ಅದು ಊಟ ಎಂದು ನನಗೆ ಹೊಳೆದೇ ಇರಲಿಲ್ಲ. ಊಟದ ವಿಷಯ ಕೇಳಿದರೆ ಊಟ ಹೇಳಿದೆ. ದೇವರು ಕೊಟ್ಟದ್ದನ್ನು ಯಾರಾದರೂ ಅನ್ನ ಬೆಲ್ಲ ಎಂದು ಬಿಡಿಸಿ ನೋಡುತ್ತಾರೆಯೇ? ಅಷ್ಟು ತುಪ್ಪ, ಅಷ್ಟು ಬೆಲ್ಲ, ಖಾಲಿ ಹೊಟ್ಟೆಗೆ, ಅದೂ ಎರಡು ದೊನ್ನೆ. ನಿನ್ನ ಹೆಸರು ಹೇಳಿಕೊಂಡು ನಿನ್ನ ಬಾಗಿಲಿಗೆ ನಾನೇ ಕಲ್ಲು ಒಟ್ಟಿದ ಹಾಗಾಯಿತು.

ಇನ್ನು ಮೂರು ತಿಂಗಳು ಕೊಟ್ಟಿದ್ದಾರೆ. ಕೊನೆಯ ಸಲ ಎಂದೂ ಹೇಳಿದ್ದಾರೆ.

ಅಂಜನಮ್ಮ

—

ತಿಪಟೂರು
22 ಫೆಬ್ರವರಿ 2025

ಅಕ್ಕಾ,

ಬಾಳೆಹಣ್ಣು, ಬೆಲ್ಲ, ತುಪ್ಪ ನಾನು ಕಣ್ಣಲ್ಲಿ ಕಂಡು ಎರಡು ವರ್ಷವಾಯಿತು. ನನ್ನ ಪಾಲನ್ನೂ ತಿಂದು ಮುಗಿಸಿದೆಯಲ್ಲ, ಘಾಟಿ ಕಣೇ ನೀನು. ಪಕ್ಕದ ಕುರ್ಚಿಯ ಮುತ್ತವ್ವನಿಗೆ ನಿನ್ನ ಕಾಗದ ಓದಿ ಹೇಳಿದೆ. ಮಷೀನು ಅಲ್ಲಾಡುವ ಹಾಗೆ ನಕ್ಕರು. "ನಿಮ್ಮಕ್ಕಗ ಹೇಳವ್ವ, ನಂದೂ ಒಂದು ದೊನ್ನಿ ತಿಂದುಬಿಡು ಅಂತ" ಎಂದರು.

ಅತ್ತಿದ್ದೀಯ ಎಂದು ಗೊತ್ತು. ಕಾಗದದ ಮೇಲೆ ಇಂಕು ಹರಡಿತ್ತು. ಸಾಕು ಬಿಡು. ನಾನು ಮೊದಲೇ ಬೇಡ ಎಂದಿದ್ದೆ.

ಕಲಾ

—

ಶ್ರೀ ಆಂಜನೇಯಸ್ವಾಮಿ ಪ್ರಸನ್ನ

ಬ್ಯಾಡರಹಳ್ಳಿ
3 ಏಪ್ರಿಲ್ 2025

ಕಲಾ,

ಎರಡು ಕಾಗದ ಬರೆದೆ, ಉತ್ತರವಿಲ್ಲ. ಇದು ಮೂರನೆಯದು. ನಿನ್ನ ಗಂಡನನ್ನು ಕೇಳಿದರೆ "ಚೆನ್ನಾಗವ್ಳೆ ಅತ್ತಿಗೆ" ಎಂದಷ್ಟೇ ಹೇಳುತ್ತಾನೆ. ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆ. ಸುಮ್ಮನಿರಬೇಡ.

ಯುಗಾದಿಗೆ ಒಬ್ಬಟ್ಟು ಮಾಡಿದೆ, ಬೇರೆಯವರಿಗೆ. ಹೂರಣ ರುಬ್ಬಿ ಕೈ ತೊಳೆದುಕೊಂಡೆ, ಬೆರಳು ಬಾಯಿಗೆ ಹೋಗಲಿಲ್ಲ. ಗುಡಿಗೆ ಹೋಗುತ್ತೇನೆ. ಪ್ರಸಾದ ಕೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಬೇರೆಯವರ ಕೈಗೆ ಹಾಕುತ್ತೇನೆ. ಅರ್ಚಕರು ಈಗ ನನ್ನ ಮುಖ ನೋಡಿ ಕೊಡುವುದಿಲ್ಲ. ಸಾಲಿನಲ್ಲಿದ್ದ ಒಬ್ಬಳು "ಏನ್ ಅಂಜನಕ್ಕ, ದೇವ್ರ ಮೇಲೇ ಡೌಟಾ" ಎಂದಳು. ಮುನಿತಾಯಮ್ಮ ಅವಳ ಮೇಲೆ ಬಿದ್ದು "ನಿನ್ ತಂಗಿ ಮಷೀನಲ್ಲಿ ಮಲ್ಗವ್ಳೇನೇ? ಮುಚ್ಕೊಂಡ್ ತಿನ್ನು" ಎಂದಳು. ನನಗೆ ನಾಚಿಕೆಯಾಯಿತು. ಐವತ್ತು ವರ್ಷ ಕೈ ಒಡ್ಡಿ ತೆಗೆದುಕೊಂಡದ್ದನ್ನು ಈಗ ಹೆದರಿ ಹೆದರಿ ಮುಟ್ಟುತ್ತಿದ್ದೇನೆ. ಪಾಪವೋ ಪುಣ್ಯವೋ ಗೊತ್ತಿಲ್ಲ. ನನಗೆ ಆ ನಂಬರು ಇಳಿಯಬೇಕು, ಅಷ್ಟೇ.

ಸಾಯಂಕಾಲ ಮಾಗಡಿ ರಸ್ತೆಯ ಹೊಗೆಯಲ್ಲಿ ನಡೆಯುತ್ತೇನೆ. ನಡೆಯುವಾಗ ನಿನ್ನ ಜೊತೆ ಮಾತಾಡಿಕೊಳ್ಳುತ್ತೇನೆ. ಎದುರು ಬಂದವರು ಕಿವಿಯಲ್ಲಿ ಫೋನಿದೆ ಎಂದುಕೊಳ್ಳುತ್ತಾರೆ.

ಒಂದು ಸಾಲು ಬರೆ.

ಅಕ್ಕ

—

ಶ್ರೀ ಆಂಜನೇಯಸ್ವಾಮಿ ಪ್ರಸನ್ನ

ಬ್ಯಾಡರಹಳ್ಳಿ
16 ಮೇ 2025

ಕಲಾ,

ಇಳಿದಿದೆ. ಐದು ಪಾಯಿಂಟ್ ಎಂಟು. ನೀಲಾಂಬಿಕಾ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡಳು. "ಗೆದ್ದ್ರಿ ಅಮ್ಮಾರ" ಎಂದಳು.

ಇನ್ನೊಂದೇ ಪರೀಕ್ಷೆ ಬಾಕಿ. ಗ್ಲೂಕೋಸಿನ ನೀರು ಕುಡಿಸಿ, ಕೂರಿಸಿ, ಆಮೇಲೆ ರಕ್ತ ನೋಡುತ್ತಾರಂತೆ. ಅದಾದ ಮೇಲೆ ಡಾಕ್ಟರುಗಳೆಲ್ಲ ಸೇರಿ ತೀರ್ಮಾನ ಮಾಡುತ್ತಾರೆ. ನೀನು ಬೇಡ ಎನ್ನುವುದನ್ನು ನಿಲ್ಲಿಸು ಈಗ. ಆಸ್ಪತ್ರೆಗೆ ಬೇಕಾಗುತ್ತದೆ ಎಂದು ನಿನಗೆ ಎರಡು ಹತ್ತಿ ನೈಟಿ ತಂದಿಟ್ಟಿದ್ದೇನೆ. ಮುಂದೆ ಗುಂಡಿ ಇರುವಂಥವು.

ಅಕ್ಕ

—

ಬ್ಯಾಡರಹಳ್ಳಿ
5 ಜೂನ್ 2025

ಕಲಾ,

ಆಗುವುದಿಲ್ಲ ಎಂದರು.

ಗ್ಲೂಕೋಸು ಕುಡಿದ ಮೇಲೆ ಸಕ್ಕರೆ ಏರಿ ಇಳಿಯಲೇ ಇಲ್ಲವಂತೆ. ಊಟ ಬಿಗಿ ಮಾಡಿದ್ದಕ್ಕೆ ಆ ಇನ್ನೊಂದು ನಂಬರು ಇಳಿದಿದೆ, ಒಳಗಿನ ದೋಷ ಹಾಗೇ ಇದೆ ಎಂದರು. "ನಿಮ್ ತಾಯಿಗೆ ಶುಗರಿಂದಾನೇ ಕಿಡ್ನಿ ಹೋಗಿರೋದು. ನಿಮಗಿನ್ನೂ ಐವತ್ತು. ಒಂದು ತೆಗೆದು, ನಾಳೆ ನಿಮಗೂ ಶುಗರ್ ಬಂದು ಉಳಿದಿದ್ದೂ ಹೋದ್ರೆ, ಅಕ್ಕ ತಂಗಿ ಇಬ್ರೂ ಡಯಾಲಿಸಿಸ್‌ಗೆ ಬರ್ತೀರಾ?"

"ಬರ್ತೀವಿ ಸಾರ್" ಎಂದೆ.

"ನೀವು ಒಪ್ತೀರಮ್ಮ. ನಾನು ಒಪ್ಪಕ್ಕಾಗಲ್ಲ." ಒಳ್ಳೆಯ ಮನುಷ್ಯ. ಬಾಗಿಲವರೆಗೂ ಬಂದರು. ಸತ್ತವರ ಕಿಡ್ನಿಗೆ ಕಾಯುವವರ ಸಾಲಿನಲ್ಲಿ ನಿನ್ನ ಹೆಸರು ಹೇಗೂ ಇದೆ, ವರ್ಷಗಟ್ಟಲೆ ಆಗಬಹುದು, ಕಾಯಬೇಕು ಎಂದರು.

ಮೆಟ್ರೋದಲ್ಲಿ ಬಂದು ಹೊಸಹಳ್ಳಿಯಲ್ಲಿ ಇಳಿದೆ. ಬಸ್ಸಿಗೆ ಹೋಗಲಿಲ್ಲ. ಅಲ್ಲೊಂದು ಬೇಕರಿ ಇದೆ. ಎರಡು ಹನಿ ಕೇಕು ತೆಗೆದುಕೊಂಡು ನಿಂತೇ ತಿಂದೆ. ಆಮೇಲೆ ಒಂದು ದಿಲ್‌ಪಸಂದ್. ಅಂಗಡಿಯವನು "ಆಂಟಿ, ಪಾರ್ಸಲ್ ಬೇಕಾ" ಎಂದ. ಬೇಡ ಎಂದು ಇನ್ನೊಂದು ತಿಂದೆ. ರುಚಿ ಗೊತ್ತಾಗಲಿಲ್ಲ. ಗಂಟಲಲ್ಲಿ ಇಳಿಯುವುದು ಮಾತ್ರ ಗೊತ್ತಾಯಿತು. ಅವತ್ತಿನಿಂದ ದಿನಾ ತಿನ್ನುತ್ತಿದ್ದೇನೆ. ನಡೆಯಲು ಹೋಗುತ್ತಿಲ್ಲ. ಮುನಿತಾಯಮ್ಮ ಬಂದು ಬಾಗಿಲು ತಟ್ಟಿದರೆ ಒಳಗೆ ಸುಮ್ಮನೆ ಕೂತಿರುತ್ತೇನೆ. ಭಾವ ತಟ್ಟೆ ನೋಡಿ ಎದ್ದು ಹೋಗುತ್ತಾರೆ.

ಇನ್ನು ಈ ಮೈಯನ್ನು ಕಾಪಾಡಿಕೊಂಡು ಯಾರಿಗೆ ಕೊಡಬೇಕು? ನಿನಗೆ ಬಾರದ್ದು ನನಗೂ ಬೇಡ.

ಅಂಜನಮ್ಮ

—

ತಿಪಟೂರು
14 ಜೂನ್ 2025

ಅಕ್ಕಾ,

ನಿನ್ನ ಕಾಗದದ ತಲೆಯ ಮೇಲೆ ದೇವರ ಹೆಸರು ಇರಲಿಲ್ಲ. ಓದುವ ಮೊದಲೇ ಗೊತ್ತಾಯಿತು.

ಮುತ್ತವ್ವ ಹೋದ ವಾರ ತೀರಿಕೊಂಡರು. ನಿನಗೆ ಹೇಳಿರಲಿಲ್ಲ, ಅವರಿಗೂ ಶುಗರಿಂದಲೇ ಆಗಿದ್ದು. ಮೊದಲು ಬೆರಳು, ಆಮೇಲೆ ಕಣ್ಣು, ಆಮೇಲೆ ಈ ಕುರ್ಚಿ. ಅವರ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ನೀನು ಬೇಕರಿಯಲ್ಲಿ ತಿಂದದ್ದನ್ನು ಆ ಖಾಲಿ ಕುರ್ಚಿಯ ಪಕ್ಕದಲ್ಲಿ ಮಲಗಿ ಓದಿದೆ. ನಿನ್ನ ಮೇಲೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಆ ಕುರ್ಚಿಗೆ ನೀನು ಬರುತ್ತೀಯಾ? ನನಗೆ ಜೊತೆಗೆ ಇರಲಿ ಅಂತಲಾ? ನನಗೆ ಆ ಜೊತೆ ಬೇಡ.

ಇನ್ನೊಂದು ಹೇಳಬೇಕು. ನಾನು ಮಾರ್ಚ್‌ನಿಂದ ಬರೆಯದೆ ಇದ್ದದ್ದು ಸಿಟ್ಟಿಗಲ್ಲ. ನನಗೆ ಆಸೆ ಹುಟ್ಟಿತ್ತು. ಬರೆದರೆ ಅಕ್ಷರದಲ್ಲಿ ಕಾಣಿಸಿಬಿಡುತ್ತದೆ ಎಂದು ಹೆದರಿ ಬಿಟ್ಟೆ. ಬಾಯಲ್ಲಿ ಬೇಡ ಬೇಡ ಎನ್ನುತ್ತಿದ್ದೆ. ಒಳಗೆ ಬೇಕು ಅನ್ನಿಸುತ್ತಿತ್ತು. ನಮಗೆ ನೀರು ಅಳೆದು ಕೊಡುತ್ತಾರಲ್ಲ, ಬಾಯಿ ಒಣಗಿದರೆ ತುಟಿ ಒದ್ದೆ ಮಾಡಿಕೊಳ್ಳಬೇಕು, ಅಷ್ಟೇ. ನಿನ್ನದು ಐದು ಪಾಯಿಂಟ್ ಎಂಟು ಎಂದು ಓದಿದ ದಿನ ಒಂದು ಯೋಚನೆ ಮಾಡಿದೆ. ಆಪರೇಷನ್ ಆದ ಮೇಲೆ ಒಂದು ಚೊಂಬು ತಣ್ಣೀರು ಎತ್ತಿ, ಯಾರನ್ನೂ ಕೇಳದೆ, ಕೊನೆಯ ಹನಿಯವರೆಗೂ ಕುಡಿಯಬೇಕು. ಅದೊಂದೇ. ದಿನಾ ಅದನ್ನೇ ಯೋಚಿಸುತ್ತಿದ್ದೆ.

ಈಗ ಅದೂ ಇಲ್ಲ. ಇರಲಿ. ನನಗೆ ಅಳಲು ಆಗುತ್ತಿಲ್ಲ. ನೀನು ನಾಳೆಯಿಂದ ನಡೆ. ನಿನಗೆ ಏನಾದರೂ ಆದರೆ ನನಗೆ ಕಾಗದ ಬರೆಯುವವರು ಯಾರೂ ಇಲ್ಲ.

ಕಲಾ

—

ಬ್ಯಾಡರಹಳ್ಳಿ
20 ಜೂನ್ 2025

ಕಲಾ,

ನಿನ್ನ ಕಾಗದ ಬಂತು. ಮುತ್ತವ್ವನವರ ಸುದ್ದಿ ಓದಿ, ಮುಂದಿನ ಸಾಲುಗಳಿಗೆ ಹೋಗಲು ಬಹಳ ಹೊತ್ತು ಬೇಕಾಯಿತು.

ದೇವರ ಹೆಸರು ಇವತ್ತೂ ಬರೆದಿಲ್ಲ. ಅವನ ಜೊತೆ ಮಾತು ಬಿಟ್ಟಿದ್ದೇನೆ. ಸಂಜೆ ದೀಪ ಮಾತ್ರ ಹಚ್ಚುತ್ತೇನೆ. ಮನೆಯಲ್ಲಿ ಜಗಳವಾದರೂ ಊಟಕ್ಕೆ ಬಡಿಸುವುದನ್ನು ಬಿಡುವುದಿಲ್ಲವಲ್ಲ, ಹಾಗೆ. ಮುಂದೆ ಯಾವತ್ತಾದರೂ ಮಾತಾಡುತ್ತೇನೋ ಏನೋ. ಏನು ಕೇಳಬೇಕು ಎಂದೇ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಮುನಿತಾಯಮ್ಮ ಬಾಗಿಲು ತಟ್ಟಿದಾಗ ತೆಗೆದೆ. "ಬದ್ಕಿದ್ಯಾ" ಎಂದಳು. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೋದೆ. ಬಂದು ಅರ್ಧ ಮುದ್ದೆ, ಸೊಪ್ಪು ತಿಂದೆ. ನನಗೆ ಹುಮ್ಮಸ್ಸು ಬಂದಿದೆ ಎಂದುಕೊಳ್ಳಬೇಡ. ಬಂದಿಲ್ಲ. ನೀನು ಹೇಳಿದೆ, ಮಾಡಿದೆ. ನಾಳೆಯೂ ಮಾಡುತ್ತೇನೆ. ನಾಳಿದ್ದಿನ ಮಾತು ನಾನು ಕೊಡುವುದಿಲ್ಲ.

ಬುಧವಾರದ ರೈಲಿಗೆ ಬರುತ್ತಿದ್ದೇನೆ. ನೀನು ಡಯಾಲಿಸಿಸ್‌ಗೆ ಕೂತಾಗ ಪಕ್ಕದಲ್ಲಿ ಕೂರುತ್ತೇನೆ. ಆ ಕುರ್ಚಿಯಲ್ಲಿ ಅಲ್ಲ, ನರ್ಸಮ್ಮನನ್ನು ಕೇಳಿ ಒಂದು ಸ್ಟೂಲು ಇಸಿದುಕೊಳ್ಳುತ್ತೇನೆ. ನೈಟಿಗಳನ್ನು ತರುತ್ತೇನೆ. ಹಾಗೇ ಮನೆಯಲ್ಲಿ ಹಾಕಿಕೋ, ಚೆನ್ನಾಗಿವೆ.

ನೀರಿನ ವಿಷಯ ಓದಿದ ಮೇಲೆ ಒಳಗೆ ಹೋದೆ. ಕೊಡದಿಂದ ಚೊಂಬಿಗೆ ಬಗ್ಗಿಸಿಕೊಂಡು ಎತ್ತಿ ಹಿಡಿದೆ. ಬಾಯಿಗೆ ಹೋಗಲಿಲ್ಲ. ತಿರುಗಿ ಕೊಡಕ್ಕೆ ಸುರಿದೆ. ಆಮೇಲೆ ಹೊರಗೆ ಬಂದು ಜಗಲಿಯ ಮೇಲೆ ಕೂತೆ, ಭಾವನ ಶರ್ಟಿಗೆ ಗುಂಡಿ ಹಾಕಿದೆ, ಬಿಸಿಲು ಏರಿತು. ಮತ್ತೆ ಒಳಗೆ ಹೋಗಿ ಬಗ್ಗಿಸಿಕೊಂಡೆ. ಈ ಸಲ ಪೂರ್ತಿ ಕುಡಿದೆ ಕಣೇ. ನನಗೆ ಬಾಯಾರಿತ್ತು.

ನಿನ್ನ ಅಕ್ಕ,
ಅಂಜನಮ್ಮ